ಹಸಿರಾಗಿ ಹೊಳೆದದ್ದೆಲ್ಲ ಕ್ಯಾಡ್ಹೆರಿನ್ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ, ನಮ್ಮ ಭಾಗದ ಕಾಲೇಜೊಂದರ ಸಂಶೋಧನಾ ವಿದ್ಯಾರ್ಥಿಗಳು ಅರಿಸಿನದ ಸಾರವನ್ನು ಕ್ಯಾನ್ಸರ್ ಜೀವಕೋಶಗಳ ಮೇಲೆ ಪ್ರಯೋಗಿಸಿ ನೋಡಿದ ವರದಿ ಪ್ರಕಟವಾಗಿತ್ತು. ಜೊತೆಗೆ ಎರಡು ಬಣ್ಣದ ಚಿತ್ರಗಳಿದ್ದವು. ಮೊದಲನೆಯದರಲ್ಲಿ ಕೋಶಗಳು ಮಂಕಾಗಿದ್ದವು, ಎರಡನೆಯದರಲ್ಲಿ ಕಡು ಹಸಿರಾಗಿ ಬೆಳಗುತ್ತಿದ್ದವು. ಅರಿಸಿನ ಸೋಕಿದ ಮೇಲೆ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಕ್ಯಾಡ್ಹೆರಿನ್ ಎಂಬ ಪ್ರೋಟೀನ್ ಮರಳಿ ಬಂದು ಕೋಶಗಳು ಹಸಿರು ಬೆಳಕು ಚೆಲ್ಲತೊಡಗಿದವು ಎಂದು ಚಿತ್ರದಡಿಯ ಸಾಲು ಹೇಳುತ್ತಿತ್ತು. ರಾಜಕೀಯ ಮತ್ತು ಅಪಘಾತಗಳ ಸುದ್ದಿಯ ನಡುವೆ ಪ್ರಯೋಗಾಲಯದ ಕೆಲಸಕ್ಕೆ ಅರ್ಧ ಪುಟ ಕೊಟ್ಟದ್ದಕ್ಕೆ ಮೊದಲು ತಮಗೆ ವಂದನೆ ಸಲ್ಲಿಸುತ್ತೇನೆ. ಆದರೆ ಬೆಳಗಾವಿಯಲ್ಲಿ ಮೂರು ದಶಕ ಇಂಥವೇ ಗಾಜಿನ ಸ್ಲೈಡುಗಳನ್ನು ಕತ್ತಲ ಕೋಣೆಯಲ್ಲಿ ಕುಳಿತು ನೋಡಿ, ಈಗ ವಿಜಯಪುರದಲ್ಲಿ ನಿವೃತ್ತನಾಗಿರುವ ನನಗೆ ಆ ಎರಡು ಚಿತ್ರಗಳನ್ನು ಕಂಡಾಗ ಮೂರನೆಯ ಚಿತ್ರ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಈ ಪತ್ರ ಆ ಮೂರನೆಯ ಚಿತ್ರದ ಕುರಿತಾದದ್ದು.

ಕೋಶಗಳು ಅಂಟಿಕೊಳ್ಳುವುದೆಂದರೆ ಏನೆಂದು ಮೊದಲು ಹೇಳಬೇಕು. ನಮ್ಮ ಚರ್ಮದ, ಕರುಳಿನ ಒಳಪದರದ, ಎದೆಹಾಲಿನ ನಾಳಗಳ ಕೋಶಗಳು ಗೋಡೆಯ ಇಟ್ಟಿಗೆಗಳಂತೆ ನಡುವೆ ಗಾರೆ ಹಾಕಿಸಿಕೊಂಡು ನಿಂತವಲ್ಲ. ಪ್ರತಿಯೊಂದು ಕೋಶವೂ ತನ್ನ ಪೊರೆಯಿಂದ ಪ್ರೋಟೀನುಗಳನ್ನು ಹೊರಚಾಚಿ, ಪಕ್ಕದ ಕೋಶ ಚಾಚಿದ ಅದೇ ಬಗೆಯ ಪ್ರೋಟೀನುಗಳನ್ನು ಹಿಡಿದುಕೊಂಡಿರುತ್ತದೆ. ಇಳಕಲ್ಲ ಸೀರೆಯ ಮಗ್ಗವನ್ನು ಹತ್ತಿರದಿಂದ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕುಣಿಕೆಯಲ್ಲಿ ಕೋದು ಸೇರಿಸುತ್ತಾರೆ. ಒಂದು ಕಡೆಯ ಕುಣಿಕೆ ಇಲ್ಲದಿದ್ದರೆ ಇನ್ನೊಂದು ಕಡೆಯ ಕುಣಿಕೆಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಹೊದಿಕೆಯ ಅಂಗಾಂಶಗಳಲ್ಲಿ ಈ ಕುಣಿಕೆಯ ಕೆಲಸವನ್ನು ಮುಖ್ಯವಾಗಿ ಮಾಡುವುದು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನ್. ಕೋಶದ ಹೊರಗೆ ಚಾಚಿದ ಅದರ ಭಾಗದಲ್ಲಿ ಸಾಲಾಗಿ ಐದು ಗಂಟುಗಳಿವೆ. ಎರಡೆರಡು ಗಂಟುಗಳ ನಡುವೆ ಮೂರು ಕ್ಯಾಲ್ಸಿಯಂ ಅಯಾನುಗಳು ಕುಳಿತು ಇಡೀ ಸಾಲನ್ನು ಸೆಟೆದು ನಿಲ್ಲಿಸುತ್ತವೆ. ಕ್ಯಾಲ್ಸಿಯಂ ತೆಗೆದರೆ ಅದು ನೆನೆದ ನೂಲಿನಂತೆ ಜೋತುಬೀಳುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಕೋಶವನ್ನು ಅದರ ಕೆಳಗಿನ ಹಾಸಿಗೆಗೆ ಹಿಡಿದಿಡುವ ಇಂಟೆಗ್ರಿನ್‌ಗಳು, ರಕ್ತನಾಳದ ಗೋಡೆಯ ಮೇಲೆ ಬಿಳಿ ರಕ್ತಕಣಗಳ ಓಟವನ್ನು ನಿಧಾನಿಸುವ ಸೆಲೆಕ್ಟಿನ್‌ಗಳು ಮೊದಲಾದವು ಇದೇ ಕೆಲಸದ ಬೇರೆ ಮನೆತನಗಳು.

ಕ್ಯಾನ್ಸರ್ ಸಂಶೋಧಕರಿಗೆ ಇ-ಕ್ಯಾಡ್ಹೆರಿನ್ ಮೇಲೆ ಅಷ್ಟು ಆಸ್ಥೆ ಏಕೆಂದರೆ, ಕುಣಿಕೆ ಕಳಚಿದ ಕೋಶ ತನ್ನ ಜಾಗ ಬಿಟ್ಟು ಹೊರಡಲು ಸುಲಭ. ಲೋಬ್ಯುಲರ್ ಎಂಬ ಬಗೆಯ ಸ್ತನ ಕ್ಯಾನ್ಸರಿನಲ್ಲಿ ಈ ಪ್ರೋಟೀನ್ ಬಹುಪಾಲು ಕಾಣೆಯಾಗಿರುತ್ತದೆ, ಮತ್ತು ಅದರ ಕೋಶಗಳು ಒಂದರ ಹಿಂದೊಂದು ಸಾಲಾಗಿ ನುಸುಳುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಇ-ಕ್ಯಾಡ್ಹೆರಿನ್ ತಯಾರಿಸುವ ಜೀನ್ 16ನೆಯ ವರ್ಣತಂತುವಿನಲ್ಲಿದೆ. ಅದರಲ್ಲಿ ಹುಟ್ಟಿನಿಂದಲೇ ದೋಷವಿದ್ದರೆ ಒಂದೇ ಮನೆತನದ ಹಲವರಿಗೆ ಹೊಟ್ಟೆಯ ಕ್ಯಾನ್ಸರ್ ಬರುತ್ತದೆಂಬುದು 1998ರಲ್ಲಿ ನ್ಯೂಜಿಲೆಂಡಿನ ಮಾವೋರಿ ಕುಟುಂಬಗಳಲ್ಲಿ ಪತ್ತೆಯಾಯಿತು. ಆದ್ದರಿಂದ ಯಾವುದಾದರೂ ಗಿಡಮೂಲಿಕೆ ಈ ಪ್ರೋಟೀನನ್ನು ಮರಳಿ ತರುತ್ತದೆಯೇ ಎಂದು ಹುಡುಕುವುದು ತಪ್ಪಲ್ಲ. ನಾನು ಕೇಳುತ್ತಿರುವುದು, ಮರಳಿ ಬಂತೆಂದು ಗೊತ್ತಾದದ್ದು ಹೇಗೆ ಎಂದು.

ಗೊತ್ತಾದದ್ದು ಪ್ರತಿಕಾಯದಿಂದ. ಪ್ರಯೋಗಾಲಯದ ಮಾತಿನಲ್ಲಿ ಇದು ಆಂಟಿಬಾಡಿ. ಮಾನವನ ಇ-ಕ್ಯಾಡ್ಹೆರಿನ್ ಅನ್ನು ಇಲಿಗೋ ಮೊಲಕ್ಕೋ ಚುಚ್ಚಿದರೆ, ಅದರ ದೇಹ ಈ ಪರಕೀಯ ವಸ್ತುವಿಗೆ ಮಾತ್ರ ಹೋಗಿ ಅಂಟುವ ಪ್ರತಿಕಾಯವನ್ನು ತಯಾರಿಸುತ್ತದೆ. ಅದನ್ನು ಬೇರ್ಪಡಿಸಿ, ಅದಕ್ಕೆ ಫ್ಲೋರೆಸಿನ್‌ನಂಥ ಬಣ್ಣವನ್ನು ರಾಸಾಯನಿಕವಾಗಿ ಕಟ್ಟುತ್ತಾರೆ. ಈ ಬಣ್ಣ ಸುಮಾರು 495 ನ್ಯಾನೋಮೀಟರಿನ ನೀಲಿ ಬೆಳಕನ್ನು ಹೀರಿ ಸುಮಾರು 519 ನ್ಯಾನೋಮೀಟರಿನ ಹಸಿರು ಬೆಳಕನ್ನು ಹೊರಬಿಡುತ್ತದೆ; ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಅನೇಕ ವೇಳೆ ಮೊದಲ ಪ್ರತಿಕಾಯಕ್ಕೆ ಬಣ್ಣ ಕಟ್ಟದೆ, ಅದನ್ನೇ ಗುರುತಿಸುವ ಎರಡನೆಯ ಪ್ರತಿಕಾಯಕ್ಕೆ ಕಟ್ಟುತ್ತಾರೆ. ಒಂದರ ಮೇಲೆ ಹಲವು ಬಂದು ಕೂರುವುದರಿಂದ ಹೊಳಪು ಹೆಚ್ಚುತ್ತದೆ. ಹಾರ್ವರ್ಡಿನ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು 1941ರಲ್ಲಿ ಮೊದಲ ಸಲ ನ್ಯುಮೋಕಾಕಸ್ ಬ್ಯಾಕ್ಟೀರಿಯದ ಪ್ರತಿಕಾಯಕ್ಕೆ ಕಟ್ಟಿದ ಬಣ್ಣ ನೀಲಿಯಾಗಿ ಹೊಳೆಯುತ್ತಿತ್ತು. ಪ್ರಾಣಿಗಳ ಅಂಗಾಂಶಗಳೂ ತಾವಾಗಿಯೇ ಸ್ವಲ್ಪ ನೀಲಿಯಾಗಿ ಹೊಳೆಯುವುದರಿಂದ ಯಾವುದು ಬಣ್ಣ, ಯಾವುದು ಅಂಗಾಂಶ ಎಂದು ತಿಳಿಯದಾಯಿತು. ಮರುವರ್ಷ ಹಸಿರು ಫ್ಲೋರೆಸಿನ್‌ಗೆ ಬದಲಾಯಿಸಿದರು. ಎಂದರೆ, ನಾನು ಈಗ ಎತ್ತುತ್ತಿರುವ ಪ್ರಶ್ನೆಯನ್ನು ಈ ವಿದ್ಯೆಯ ಮೂಲಪುರುಷರು ಮೊದಲ ವರ್ಷವೇ ಎದುರಿಸಿದ್ದರು.

ತಮ್ಮ ವರದಿಯಲ್ಲಿ ಕೋಶಗಳು ಬೆಳಕು ಚೆಲ್ಲಿದವು ಎಂದಿರುವುದು ಸರಿಯಲ್ಲ. ಬೆಳಕು ಚೆಲ್ಲಿದ್ದು ಕೋಶಕ್ಕೆ ಅಂಟಿದ ಬಣ್ಣ. ಇದನ್ನು ಪದಗಳ ಜಗಳವೆಂದು ತಳ್ಳಿಹಾಕಬಾರದು. ಏಕೆಂದರೆ ಅರಿಸಿನದ ವಿಷಯದಲ್ಲಿ ಆ ಬಣ್ಣ ಪ್ರತಿಕಾಯದ್ದೋ ಅರಿಸಿನದ್ದೋ ಎಂಬುದೇ ಮುಖ್ಯ ಪ್ರಶ್ನೆ. ಓದುಗರು ಇದನ್ನು ಮನೆಯಲ್ಲಿಯೇ ನೋಡಬಹುದು. ಚಿಟಿಕೆ ಅರಿಸಿನ ಪುಡಿಯನ್ನು ಕೈಗೆ ಹಚ್ಚಿಕೊಳ್ಳುವ ಸ್ಪಿರಿಟ್ ಸ್ಯಾನಿಟೈಸರಿನಲ್ಲಿ ಕಲಕಿ, ಅಡತಿ ಅಂಗಡಿಯಲ್ಲಿ ಖೋಟಾ ನೋಟು ಪರೀಕ್ಷಿಸಲು ಇಟ್ಟಿರುವ ನೇರಳೆ ದೀಪದ ಕೆಳಗೆ ಹಿಡಿದರೆ, ಆ ದ್ರವ ಹಸಿರು ಮಿಶ್ರಿತ ಹಳದಿಯಾಗಿ ಬೆಳಗುತ್ತದೆ. ಅಲ್ಲಿ ಪ್ರತಿಕಾಯವೂ ಇಲ್ಲ, ಕ್ಯಾಡ್ಹೆರಿನ್ನೂ ಇಲ್ಲ. ಇರುವುದು ಕರ್ಕ್ಯುಮಿನ್ ಎಂಬ ಅರಿಸಿನದ ವಸ್ತು. ಇದು ಕೋಶದ ಪೊರೆಯೊಳಗೆ ಸಲೀಸಾಗಿ ಇಳಿಯುತ್ತದೆ, ಮತ್ತು ಅದರ ಹೊಳಪು ಫ್ಲೋರೆಸಿನ್ ನೋಡಲು ಇಟ್ಟಿರುವ ಸೋಸುಗಾಜಿನ ಮೂಲಕವೇ ಹಾದುಬರುತ್ತದೆ. ಕರ್ಕ್ಯುಮಿನ್ ಕೋಶದೊಳಗೆ ಎಷ್ಟು ಹೋಯಿತೆಂದು ಅಳೆಯಲು ಸಂಶೋಧಕರು ಈ ಸ್ವಂತ ಹೊಳಪನ್ನೇ ಬಳಸುವುದುಂಟು. ಮರದರಿಸಿನದಲ್ಲಿರುವ ಬರ್ಬೆರಿನ್ ಎಂಬ ವಸ್ತು ಕೂಡ ಹೊಳೆಯುತ್ತದೆ. ಯಾವುದೇ ಎಲೆಯ ಸಾರದಲ್ಲಿ ಉಳಿದ ಪತ್ರಹರಿತ್ತು ಕೆಂಪಾಗಿ ಹೊಳೆಯುತ್ತದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಪ್ಪು ನೆಲದಲ್ಲಿ ಅರಿಸಿನ ಬೆಳೆಯುತ್ತದೆ. ಸಾಂಪ್ರದಾಯಿಕ ವೈದ್ಯಕ್ಕೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ರಾಷ್ಟ್ರೀಯ ಸಂಸ್ಥೆಯೊಂದು ಬೆಳಗಾವಿಯಲ್ಲಿದೆ. ಹೀಗಿರುವಾಗ ನಮ್ಮ ವಿದ್ಯಾರ್ಥಿಗಳು ಗಿಡಮೂಲಿಕೆಯ ಸಾರವನ್ನೂ ಹೊಳೆಯುವ ಪ್ರತಿಕಾಯವನ್ನೂ ಒಂದೇ ಸ್ಲೈಡಿನಲ್ಲಿ ತರುವುದು ಸಹಜವೇ ಆಗಿದೆ.

ಇದಕ್ಕೆ ಪರಿಹಾರ ದುಬಾರಿಯದೇನಲ್ಲ. ಅರಿಸಿನದ ಸಾರ ಹಾಕಿದ, ಆದರೆ ಪ್ರತಿಕಾಯ ಹಾಕದ ಕೋಶಗಳ ಒಂದು ಸ್ಲೈಡನ್ನು ಅದೇ ದಿನ, ಅದೇ ಬೆಳಕಿನಲ್ಲಿ, ಕ್ಯಾಮೆರಾ ಅಷ್ಟೇ ಹೊತ್ತು ತೆರೆದಿಟ್ಟು ಚಿತ್ರ ತೆಗೆಯಬೇಕು. ನಾನು ಹೇಳಿದ ಮೂರನೆಯ ಚಿತ್ರ ಇದೇ. ಅದು ಕತ್ತಲಾಗಿದ್ದರೆ ವಿದ್ಯಾರ್ಥಿಗಳ ಮಾತು ಗಟ್ಟಿಯಾಗಿ ನಿಲ್ಲುತ್ತದೆ; ಅದೂ ಹಸಿರಾಗಿದ್ದರೆ ಅವರು ನೋಡಿದ್ದು ಅರಿಸಿನವನ್ನು. ಅವರು ಆ ಚಿತ್ರವನ್ನು ತೆಗೆದಿರಲೂಬಹುದು, ವರದಿಯಲ್ಲಿ ಜಾಗ ಸಾಲದೆ ಬಿಟ್ಟುಹೋಗಿರಲೂಬಹುದು. ನಾನು ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದ ಮಾತು ಹಸಿರಿಗೂ ಸಲ್ಲುತ್ತದೆ ಎನ್ನುವುದಷ್ಟೇ ನನ್ನ ಅಭಿಪ್ರಾಯ.

ಎರಡನೆಯ ಚಿತ್ರದಲ್ಲಿ ನನಗೆ ಇನ್ನೊಂದು ಅನುಮಾನವೂ ಉಳಿಯಿತು. ಇ-ಕ್ಯಾಡ್ಹೆರಿನ್ ತನ್ನ ಕೆಲಸದಲ್ಲಿರುವಾಗ ಹೊಳಪು ಕೋಶಗಳ ಗಡಿಯಲ್ಲಿ ತೆಳುವಾದ ಗೆರೆಯಾಗಿ ಕಾಣಬೇಕು. ಇಡೀ ಚಿತ್ರ ಜೇನುಹುಟ್ಟಿನ ಕಣ್ಣುಗಳಂತೆ ಇರಬೇಕು. ಎರಡು ಕೋಶಗಳ ನಡುವಿನ ಅಂತರ ಕೆಲವೇ ಹತ್ತು ನ್ಯಾನೋಮೀಟರು, ಸಾಮಾನ್ಯ ಸೂಕ್ಷ್ಮದರ್ಶಕ ಬಿಡಿಸಿ ತೋರಿಸಬಲ್ಲದ್ದು ಸುಮಾರು 200 ನ್ಯಾನೋಮೀಟರನ್ನು. ಹಾಗಾಗಿ ಎರಡೂ ಕೋಶಗಳ ಕುಣಿಕೆಗಳು ಕೂಡಿ ಒಂದೇ ಗೆರೆಯಾಗಿ ಕಾಣುವುದು ಸರಿ. ಪ್ರಕಟವಾದ ಚಿತ್ರದಲ್ಲಿ ಹಸಿರು ಕೋಶದ ಒಡಲೆಲ್ಲ ಹರಡಿತ್ತು. ಮುದ್ರಣದ ದೋಷವಿದ್ದರೂ ಇರಬಹುದು. ಹಾಗಲ್ಲದಿದ್ದರೆ, ಪ್ರೋಟೀನ್ ಹೆಚ್ಚಾಗಿದ್ದರೂ ಅದು ಗಡಿಗೆ ಬಂದು ಕುಣಿಕೆ ಹಾಕಿಲ್ಲ. ಆಗ ಕೋಶಗಳು ಮತ್ತೆ ಅಂಟಿಕೊಂಡವು ಎಂದು ಹೇಳಲು ಬಾರದು.

ಬೇರೆಯವರ ಸ್ಲೈಡಿನಲ್ಲಿ ಹುಳುಕು ಹುಡುಕುವ ಮುದುಕನೆಂದು ಯಾರೂ ತಿಳಿಯದಿರಲೆಂದು ನನ್ನದೇ ಒಂದು ತಪ್ಪನ್ನು ಇಲ್ಲಿ ಬರೆಯುತ್ತೇನೆ. 2000ದ ದಶಕದ ನಡುವಿನಲ್ಲಿ ನಾನು ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳನ್ನು ಬೆಳೆಸುತ್ತಿದ್ದೆ. ಈ ಕೋಶಗಳಲ್ಲಿ ಇ-ಕ್ಯಾಡ್ಹೆರಿನ್ ಧಾರಾಳವಾಗಿರುತ್ತದೆಂದು ಪುಸ್ತಕದಲ್ಲಿಯೇ ಇದೆ. ಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಯಿಂದ ಬಿಡಿಸಿ, ಹೊಳೆಯುವ ಪ್ರತಿಕಾಯ ಹಚ್ಚಿ, ಫ್ಲೋ ಸೈಟೋಮೀಟರ್ ಎಂಬ ಯಂತ್ರದಲ್ಲಿ ಎಣಿಸಬೇಕಿತ್ತು. ಈ ಯಂತ್ರ ಕೋಶಗಳನ್ನು ಒಂದೊಂದಾಗಿ ಲೇಸರ್ ಕಿರಣದ ಮುಂದೆ ಹಾಯಿಸಿ, ಸೆಕೆಂಡಿಗೆ ಸಾವಿರಾರು ಕೋಶಗಳ ಹೊಳಪನ್ನು ಅಳೆಯುತ್ತದೆ. ನಮ್ಮಲ್ಲಿ ಆಗ ಅದು ಇರಲಿಲ್ಲ. ಬೇರೆ ಊರಿಗೆ ಮಾದರಿ ಒಯ್ದು ಎಣಿಸಿಕೊಂಡು ಬರುತ್ತಿದ್ದೆವು. ಮೊದಲ ಸಲ ಹೊಳಪು ಶೂನ್ಯಕ್ಕೆ ಹತ್ತಿರವಿತ್ತು. ಎರಡನೆಯ ಸಲವೂ ಹಾಗೆಯೇ. ಪ್ರತಿಕಾಯ ಕೆಟ್ಟಿದೆಯೆಂದು ಮಾರಾಟಗಾರರೊಂದಿಗೆ ವಾದಿಸಿ ಹೊಸ ಬಾಟಲಿ ತರಿಸಿದೆ; ಅದೂ ಹೊಳೆಯಲಿಲ್ಲ. ಕೋಶಗಳೇ ಬದಲಾಗಿವೆಯೆಂದು ತಿಳಿದು ಹೊಸ ಕೋಶಗಳನ್ನೂ ತರಿಸಿದೆ. ಮೂರು ತಿಂಗಳು ಮತ್ತು ಆ ವರ್ಷದ ಅನುದಾನದ ದೊಡ್ಡ ಪಾಲು ಹೀಗೆ ಹೋಯಿತು.

ಕೊನೆಗೆ ದೋಷ ಕಂಡುಹಿಡಿದವಳು ಜಮಖಂಡಿ ಕಡೆಯಿಂದ ಬಂದಿದ್ದ ಎಂಎಸ್ಸಿ ವಿದ್ಯಾರ್ಥಿನಿ. ಅವಳು ಅದೇ ಕೋಶಗಳನ್ನು ತಟ್ಟೆಯಿಂದ ಬಿಡಿಸದೆ, ಗಾಜಿನ ಚೂರಿನ ಮೇಲೆ ಬೆಳೆದ ಹಾಗೆಯೇ ಪ್ರತಿಕಾಯ ಹಚ್ಚಿ ನೋಡಿದ್ದಳು. ಜೇನುಹುಟ್ಟಿನಂಥ ಹಸಿರು ಗೆರೆಗಳು ಸ್ಪಷ್ಟವಾಗಿದ್ದವು. ‘ಸರ್, ಕೋಶ ಬಿಡಿಸೋವಾಗ ನಾವ ಏನರೆ ಕಡೀಲಿಕತ್ತೀವೇನ್ರಿ?’ ಎಂದು ಕೇಳಿದಳು. ಕಡಿಯುತ್ತಿದ್ದೆವು. ಕೋಶ ಬಿಡಿಸಲು ಬಳಸುತ್ತಿದ್ದದ್ದು ಟ್ರಿಪ್ಸಿನ್ ಮತ್ತು ಇಡಿಟಿಎ ಸೇರಿದ ದ್ರಾವಣ. ಟ್ರಿಪ್ಸಿನ್ ಪ್ರೋಟೀನನ್ನು ಕತ್ತರಿಸುವ ಕಿಣ್ವ. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದು ಕಸಿದುಕೊಳ್ಳುವ ವಸ್ತು. ಕ್ಯಾಲ್ಸಿಯಂ ಇರುವಾಗ ಸೆಟೆದು ನಿಂತ ಕ್ಯಾಡ್ಹೆರಿನ್‌ಗೆ ಟ್ರಿಪ್ಸಿನ್ನಿನ ಕತ್ತರಿ ನಾಟುವುದಿಲ್ಲ. ಕ್ಯಾಲ್ಸಿಯಂ ಹೋಗಿ ಜೋತುಬಿದ್ದ ಕ್ಯಾಡ್ಹೆರಿನ್ ಅನ್ನು ಅದು ಕೊಚ್ಚಿಹಾಕುತ್ತದೆ. ನಾವು ಹುಡುಕುತ್ತಿದ್ದ ವಸ್ತುವನ್ನು ಹುಡುಕುವ ಮೊದಲೇ ಕತ್ತರಿಸಿ ತೊಳೆದು ಚೆಲ್ಲಿ, ಆಮೇಲೆ ಪ್ರತಿಕಾಯವನ್ನು ಬೈಯುತ್ತಿದ್ದೆವು. ಟ್ರಿಪ್ಸಿನ್ ಬಿಟ್ಟು ಬರೀ ಇಡಿಟಿಎಯಿಂದ ನಿಧಾನವಾಗಿ ಬಿಡಿಸಿದ ಮೇಲೆ ಯಂತ್ರದಲ್ಲಿ ಹೊಳಪು ಬಂದಿತು.

ನನಗೆ ಹೆಚ್ಚು ನಾಚಿಕೆಯಾದದ್ದು ಇದು ಹಳೆಯ ಸಂಗತಿಯೆಂದು ತಿಳಿದಾಗ. ಜಪಾನಿನ ಮಸತೋಶಿ ತಾಕೇಇಚಿ 1970ರ ದಶಕದಲ್ಲಿ ಕ್ಯೋಟೋದಿಂದ ಅಮೆರಿಕದ ಬಾಲ್ಟಿಮೋರಿನ ಕಾರ್ನೆಗಿ ಸಂಸ್ಥೆಗೆ ಹೋಗಿದ್ದಾಗ, ಕ್ಯೋಟೋದಲ್ಲಿ ಟ್ರಿಪ್ಸಿನ್ ಹಾಕಿದ ಮೇಲೂ ಒಂದಕ್ಕೊಂದು ಅಂಟುತ್ತಿದ್ದ ಕೋಶಗಳು ಅಲ್ಲಿ ಅಂಟದೆ ಹೋದವು. ಕಾರಣ ಹುಡುಕಿದಾಗ, ಬಾಲ್ಟಿಮೋರಿನ ಟ್ರಿಪ್ಸಿನ್ ದ್ರಾವಣದಲ್ಲಿ ಇಡಿಟಿಎ ಇತ್ತು, ಕ್ಯೋಟೋದ್ದರಲ್ಲಿ ಇರಲಿಲ್ಲ. ಈ ಒಂದು ವ್ಯತ್ಯಾಸದ ಬೆನ್ನುಹತ್ತಿ ಅವರು ಕ್ಯಾಲ್ಸಿಯಂ ಅವಲಂಬಿಸಿ ಅಂಟಿಸುವ ಪ್ರೋಟೀನಿದೆಯೆಂದು 1977ರಲ್ಲಿ ತೋರಿಸಿದರು. ಮುಂದೆ ಅದಕ್ಕೆ ಕ್ಯಾಡ್ಹೆರಿನ್ ಎಂದು ಹೆಸರಿಟ್ಟರು. ಅದೇ ಸೀಸೆ ಅವರ ಕೈಯಲ್ಲಿ ಆವಿಷ್ಕಾರವಾಯಿತು, ಮೂವತ್ತು ವರ್ಷದ ನಂತರ ನನ್ನ ಕೈಯಲ್ಲಿ ಅನುದಾನದ ನಷ್ಟವಾಯಿತು. ಇಂದಿಗೂ ಪ್ರಯೋಗಾಲಯಗಳಲ್ಲಿ ಜೀವಂತ ಕೋಶಗಳನ್ನು ಕ್ಯಾಲ್ಸಿಯಂ ಇಲ್ಲದ ಉಪ್ಪುನೀರಿನಿಂದ ಮೂರು ಮೂರು ಸಲ ತೊಳೆದು, ಗಡಿಯ ಗೆರೆ ಏಕೆ ಹರಿದಿದೆ ಎಂದು ಆಶ್ಚರ್ಯಪಡುವ ವಿದ್ಯಾರ್ಥಿಗಳಿದ್ದಾರೆ. ತೊಳೆಯುವ ನೀರಿಗೆ ಒಂದಿಷ್ಟು ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿದರೆ ಮುಗಿಯುವ ಕೆಲಸ ಅದು.

ಪ್ರತಿಕಾಯವೇ ತಪ್ಪಾಗಿರುವ ಸಂದರ್ಭಗಳೂ ಕಡಿಮೆಯೇನಲ್ಲ. ಒಂದೇ ಇ-ಕ್ಯಾಡ್ಹೆರಿನ್‌ಗೆ ಹತ್ತಾರು ಕ್ಲೋನ್‌ಗಳು (ಬೇರೆ ಬೇರೆ ಮೂಲಕೋಶಗಳಿಂದ ಬಂದ ಪ್ರತಿಕಾಯಗಳು) ಮಾರಾಟಕ್ಕಿವೆ. ಎಚ್‌ಇಸಿಡಿ-1 ಎಂಬ ಕ್ಲೋನ್ ಪ್ರೋಟೀನಿನ ಹೊರಭಾಗವನ್ನು ಹಿಡಿಯುತ್ತದೆ. ಬೇರೆ ಕೆಲವು ಕೋಶದೊಳಗಿರುವ ಬಾಲವನ್ನು ಹಿಡಿಯುತ್ತವೆ, ಅವುಗಳನ್ನು ಬಳಸುವ ಮೊದಲು ಮಾರ್ಜಕದಿಂದ ಪೊರೆಯಲ್ಲಿ ರಂಧ್ರ ಮಾಡದಿದ್ದರೆ ಏನೂ ಕಾಣುವುದಿಲ್ಲ. ಇದು ಡಬ್ಬಿಯೊಳಗಿನ ಕಾಗದದಲ್ಲಿ ಬರೆದಿರುತ್ತದೆ, ಆದರೆ ಆ ಕಾಗದವನ್ನು ಡಬ್ಬಿಯ ಜೊತೆಗೇ ಬಿಸಾಡುವುದು ನಮ್ಮಲ್ಲಿ ರೂಢಿ. 2023ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ನರವಿಜ್ಞಾನಕ್ಕೆ ಸಂಬಂಧಿಸಿದ 65 ಪ್ರೋಟೀನುಗಳಿಗೆ ಮಾರಾಟವಾಗುವ 614 ಪ್ರತಿಕಾಯಗಳನ್ನು ಪರೀಕ್ಷಿಸಿತು. ತಾನು ಹುಡುಕಬೇಕಾದ ಪ್ರೋಟೀನನ್ನೇ ಹಿಡಿಯದ ಪ್ರತಿಕಾಯದಿಂದ ಪಡೆದ ಫಲಿತಾಂಶ, ಸರಾಸರಿ ಪ್ರತಿ ಪ್ರೋಟೀನಿಗೆ 12 ಪ್ರಕಟಿತ ಲೇಖನಗಳಲ್ಲಿ ಇರುವುದು ಕಂಡುಬಂದಿತು. ದೊಡ್ಡ ದೇಶಗಳ ದೊಡ್ಡ ಪ್ರಯೋಗಾಲಯಗಳಲ್ಲಿಯೇ ಹೀಗಿರುವಾಗ ನಾವು ಇನ್ನಷ್ಟು ಎಚ್ಚರವಾಗಿರಬೇಕು. ಇ-ಕ್ಯಾಡ್ಹೆರಿನ್ ಮಟ್ಟಿಗೆ ನಿಜ ತಿಳಿಯಲು ಸುಲಭ ದಾರಿಯಿದೆ: ಅದು ಧಾರಾಳವಾಗಿರುವ ಎಂಸಿಎಫ್-7 ಕೋಶಗಳನ್ನೂ ಅದು ಇಲ್ಲದ ಎಂಡಿಎ-ಎಂಬಿ-231 ಕೋಶಗಳನ್ನೂ ಅಕ್ಕಪಕ್ಕ ಇಟ್ಟು ಒಂದೇ ಬಾಟಲಿಯಿಂದ ಬಣ್ಣ ಹಚ್ಚಿ. ಎರಡೂ ಹೊಳೆದರೆ ಬಾಟಲಿಯನ್ನು ನಂಬಬೇಡಿ.

ನಮ್ಮ ಜಿಲ್ಲೆಗಳಿಗೆ ಇನ್ನೊಂದು ತೊಂದರೆಯಿದೆ, ಅದು ಬಿಸಿಲು. ಬಣ್ಣ ಕಟ್ಟಿದ ಪ್ರತಿಕಾಯವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕತ್ತಲಲ್ಲಿ ಇಡಬೇಕು. ಫೈಕೋಎರಿಥ್ರಿನ್‌ನಂಥ ಬಣ್ಣ ಕಟ್ಟಿದ್ದನ್ನು ಹೆಪ್ಪುಗಟ್ಟಿಸಲೂಬಾರದು. ವಿಜಯಪುರದ ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಒಮ್ಮೆ ನಮಗೆ ಬಂದ ಪಾರ್ಸೆಲ್ ಶುಕ್ರವಾರದಿಂದ ಸೋಮವಾರದವರೆಗೆ ಸಾಗಣೆದಾರರ ಗೋದಾಮಿನಲ್ಲಿ ಬಿದ್ದಿತ್ತು. ತಂಪಿನ ಚೀಲಗಳು ಕರಗಿ ಬೆಚ್ಚಗಾಗಿದ್ದವು. ಮಾರಿದವರು ಸಾಗಣೆಯವರ ಕಡೆ ಬೆರಳು ತೋರಿಸಿದರು, ಸಾಗಣೆಯವರು ಸಹಿ ಮಾಡಿ ಪಡೆದುಕೊಂಡಿದ್ದೀರಲ್ಲ ಎಂದರು. ನೂರು ಮೈಕ್ರೋಲೀಟರ್, ಅಂದರೆ ಎರಡು ಮೂರು ಹನಿಯಷ್ಟು ದ್ರವಕ್ಕೆ ಹತ್ತಾರು ಸಾವಿರ ರೂಪಾಯಿ ತೆತ್ತ ವಿದ್ಯಾರ್ಥಿ ಅದನ್ನು ಚೆಲ್ಲುವುದಿಲ್ಲ. ಬಳಸಿಯೇ ಬಳಸುತ್ತಾನೆ, ಬಂದ ಮಂಕು ಹೊಳಪನ್ನು ಪ್ರೋಟೀನ್ ಕಡಿಮೆಯಾಗಿದೆ ಎಂದು ಪ್ರಬಂಧದಲ್ಲಿ ಬರೆಯುತ್ತಾನೆ. ನಾನು ಅವನನ್ನು ದೂರಲಾರೆ.

ಇದೆಲ್ಲ ಪ್ರಯೋಗಾಲಯದೊಳಗಿನ ಮಾತಾಯಿತು, ಜನರಿಗೇನು ಎಂದು ಕೇಳಬಹುದು. ನಮ್ಮ ಭಾಗದಲ್ಲಿ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಇನ್ನೂ ಉಳಿದಿದೆ. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷದ ಜೀನ್ ಬಂದಾಗ ಮಾತ್ರ ಕಾಣಿಸುವ ಕಾಯಿಲೆಗಳು ಇಂಥ ಮದುವೆಗಳ ಮಕ್ಕಳಲ್ಲಿ ಹೆಚ್ಚು. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾಂಜ್‌ಮನ್ 1918ರಲ್ಲಿ ವಿವರಿಸಿದ ರಕ್ತಸ್ರಾವದ ಕಾಯಿಲೆ ಅಂಥದ್ದು. ಮಗುವಿಗೆ ಮೂಗಿನಿಂದ, ವಸಡಿನಿಂದ ರಕ್ತ ನಿಲ್ಲುವುದಿಲ್ಲ. ಹುಡುಗಿಯಾದರೆ ಮೊದಲ ಮುಟ್ಟೇ ಪ್ರಾಣಕ್ಕೆ ಬರುತ್ತದೆ. ಆದರೆ ಪ್ಲೇಟ್‌ಲೆಟ್ ಎಣಿಸಿದರೆ ಸಂಖ್ಯೆ ಸರಿಯಾಗಿಯೇ ಇರುತ್ತದೆ. ಕೊರತೆ ಇರುವುದು ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಬೆಸೆಯುವ ಇಂಟೆಗ್ರಿನ್ ಪ್ರೋಟೀನಿನಲ್ಲಿ. ಆರೋಗ್ಯವಂತರ ಪ್ರತಿ ಪ್ಲೇಟ್‌ಲೆಟ್ ಮೇಲೆ ಅದರ ಸುಮಾರು 80,000 ಪ್ರತಿಗಳಿರುತ್ತವೆ. ಒಂದೆರಡು ಮಿಲಿಲೀಟರ್ ರಕ್ತಕ್ಕೆ ಸಿಡಿ41, ಸಿಡಿ61 ಎಂಬ ಗುರುತಿನ ಹೊಳೆಯುವ ಪ್ರತಿಕಾಯಗಳನ್ನು ಹಾಕಿ ಫ್ಲೋ ಯಂತ್ರದಲ್ಲಿ ಹಾಯಿಸಿದರೆ ಅದೇ ದಿನ ತಿಳಿಯುತ್ತದೆ. ಹೊಕ್ಕುಳಬಳ್ಳಿ ತಿಂಗಳಾದರೂ ಉದುರದ, ಗಾಯವಾದರೂ ಕೀವು ಕಟ್ಟದ ಕೂಸಿನಲ್ಲಿ ಸಿಡಿ18 ಎಂಬ ಇನ್ನೊಂದು ಅಂಟು ಪ್ರೋಟೀನನ್ನು ಹೀಗೆಯೇ ಹುಡುಕುತ್ತಾರೆ. ಇಲ್ಲಿ ಮಂಕು ಹೊಳಪು ಪ್ರಬಂಧದ ಒಂದು ಪುಟವಲ್ಲ, ಒಂದು ಮಗುವಿನ ರೋಗನಿರ್ಣಯ. ಬಿಸಿಲಲ್ಲಿ ಕೆಟ್ಟ ಬಾಟಲಿ ಆರೋಗ್ಯವಂತ ಮಗುವಿಗೆ ಜೀವಮಾನದ ಕಾಯಿಲೆಯ ಹೆಸರು ಹಚ್ಚಬಹುದು. ಆದ್ದರಿಂದಲೇ ಆಸ್ಪತ್ರೆಯ ಪ್ರಯೋಗಾಲಯಗಳಲ್ಲಿ ರೋಗಿಯ ರಕ್ತದ ಜೊತೆ ಆರೋಗ್ಯವಂತರೊಬ್ಬರ ರಕ್ತವನ್ನೂ ಅದೇ ಹೊತ್ತಿಗೆ ಪರೀಕ್ಷಿಸುತ್ತಾರೆ; ಸಂಶೋಧನೆಯಲ್ಲಿ ಮಾತ್ರ ನಾವು ಆ ಶಿಸ್ತನ್ನು ಬಿಟ್ಟುಕೊಟ್ಟಿದ್ದೇವೆ.

ಚರ್ಮದ ಮೇಲೆ, ಬಾಯಿಯೊಳಗೆ ನೀರುಗುಳ್ಳೆಗಳೆದ್ದು ಒಡೆಯುವ ಪೆಂಫಿಗಸ್ ಎಂಬ ಕಾಯಿಲೆಯಲ್ಲಿ ರೋಗಿಯ ದೇಹವೇ ಡೆಸ್ಮೋಗ್ಲೀನ್ ಎಂಬ ಅಂಟು ಪ್ರೋಟೀನಿನ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಗುಳ್ಳೆಯ ಪಕ್ಕದ ಚರ್ಮದ ಚೂರಿಗೆ, ಆ ಪ್ರತಿಕಾಯವನ್ನು ಗುರುತಿಸುವ ಹೊಳೆಯುವ ಪ್ರತಿಕಾಯ ಹಾಕಿದರೆ ಕೋಶಗಳ ನಡುವೆ ಮೀನಿನ ಬಲೆಯಂಥ ಹಸಿರು ಕಾಣುತ್ತದೆ. ಈ ಚೂರನ್ನು ಫಾರ್ಮಾಲಿನ್‌ನಲ್ಲಿ ಹಾಕಿ ಕಳುಹಿಸಿದರೆ ಪರೀಕ್ಷೆ ಕೆಡುತ್ತದೆ, ಮಿಶೆಲ್ ಎಂಬ ಸಾಗಣೆ ದ್ರಾವಣದಲ್ಲಿ ಹಾಕಿದರೆ ಬಾಗಲಕೋಟೆಯಿಂದ ಬೆಳಗಾವಿಗೆ ಐಸ್ ಇಲ್ಲದೆಯೂ ತಲುಪುತ್ತದೆ. ತಾಲ್ಲೂಕು ಕೇಂದ್ರಗಳ ವೈದ್ಯರಲ್ಲಿ ಯಾರಾದರೂ ಈ ಪತ್ರ ಓದುತ್ತಿದ್ದರೆ ಇದೊಂದನ್ನು ಗಮನಿಸಲಿ ಎಂದು ವಿಷಯದಿಂದ ತುಸು ಸರಿದು ಬರೆದಿದ್ದೇನೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ, ವಿಶ್ವವಿದ್ಯಾಲಯಗಳಿವೆ. ಆದರೆ ಒಂದು ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಯಾವ ಪ್ರತಿಕಾಯ ಇದೆಯೆಂದು ಇನ್ನೊಂದಕ್ಕೆ ತಿಳಿಯದು. ಒಬ್ಬರು ನೂರು ಮೈಕ್ರೋಲೀಟರ್ ತರಿಸಿ ಇಪ್ಪತ್ತು ಬಳಸಿ ಉಳಿದದ್ದನ್ನು ಅವಧಿ ಮುಗಿಯಲು ಬಿಡುತ್ತಾರೆ. ಅದೇ ವಾರ ಇನ್ನೊಬ್ಬರು ಅದನ್ನೇ ತರಿಸಲು ಹಣವಿಲ್ಲದೆ ಕೈಬಿಡುತ್ತಾರೆ. ಎಲ್ಲರೂ ಸೇರಿ ಒಂದು ದಾಖಲೆ ಪಟ್ಟಿ ಇಟ್ಟುಕೊಂಡು, ಯಾವ ಕ್ಲೋನ್, ಯಾವ ಲಾಟ್, ಯಾವ ಕೋಶದ ಮೇಲೆ ಹೊಳೆಯಿತು, ಯಾವುದರ ಮೇಲೆ ಹೊಳೆಯಲಿಲ್ಲ ಎಂದು ಬರೆದರೆ, ಹಣವೂ ಉಳಿಯುತ್ತದೆ, ನನ್ನಂತೆ ಮೂರು ತಿಂಗಳು ಕಳೆದುಕೊಳ್ಳುವವರೂ ಕಡಿಮೆಯಾಗುತ್ತಾರೆ. ಹೊಳೆಯದ ಬಾಟಲಿಯ ಸುದ್ದಿ ಹೊಳೆದದ್ದರಷ್ಟೇ ಬೆಲೆಯುಳ್ಳದ್ದು, ಅದನ್ನು ಯಾರೂ ಪ್ರಕಟಿಸುವುದಿಲ್ಲವಾದ್ದರಿಂದ ಇಂಥ ಪಟ್ಟಿಯೇ ಅದಕ್ಕೆ ಜಾಗ. ಸಾಧ್ಯವಾದರೆ ಬೇಸಿಗೆಗೆ ಮೊದಲೇ, ಫೆಬ್ರುವರಿಯೊಳಗೆ, ಎಲ್ಲರ ಬೇಡಿಕೆಯನ್ನು ಒಟ್ಟಾಗಿ ತರಿಸಿಕೊಳ್ಳಬೇಕು. ಪಿಎಚ್‌ಡಿ ಪ್ರಬಂಧ ಒಪ್ಪಿಸುವಾಗ ಪ್ರತಿಕಾಯ ಹಾಕದ ಸ್ಲೈಡಿನ ಚಿತ್ರವನ್ನೂ ಪ್ರೋಟೀನ್ ಇಲ್ಲದ ಕೋಶದ ಚಿತ್ರವನ್ನೂ ಲಗತ್ತಿಸುವುದನ್ನು ವಿಶ್ವವಿದ್ಯಾಲಯಗಳು ಕಡ್ಡಾಯ ಮಾಡಿದರೆ, ಅದಕ್ಕೆ ಹೊಸ ಅನುದಾನ ಬೇಕಿಲ್ಲ, ಎರಡು ಸ್ಲೈಡ್ ಹೆಚ್ಚು ಬೇಕು, ಅಷ್ಟೇ.

ತಮ್ಮ ವರದಿಯ ವಿದ್ಯಾರ್ಥಿಗಳ ಬಳಿ ಆ ಮೂರನೆಯ ಚಿತ್ರ ಇದ್ದರೆ, ಅದನ್ನು ಮೊದಲೆರಡು ಚಿತ್ರಗಳಷ್ಟೇ ಅಗಲದಲ್ಲಿ, ಬಣ್ಣದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಅದು ಕತ್ತಲಾಗಿದ್ದರೆ ಮುದ್ರಣದ ಮಸಿ ಸ್ವಲ್ಪ ಹೆಚ್ಚು ಖರ್ಚಾದೀತು. ಅಂಥ ಚಿತ್ರವೇ ಇಲ್ಲದಿದ್ದರೆ ಅವರು ಈಗ ತೆಗೆಯಲಿ. ನನ್ನ ಹಳೆಯ ಟಿಪ್ಪಣಿ ಪುಸ್ತಕವನ್ನೂ, ಬಿಡಿಸುವ ದ್ರಾವಣದ ಅಳತೆಗಳನ್ನೂ ಹಿಡಿದುಕೊಂಡು ವಿಜಯಪುರದಿಂದ ಬಸ್ಸು ಹತ್ತಿ ಬರಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಜೀವಕೋಶ ವಿಜ್ಞಾನದ ನಿವೃತ್ತ ಅಧ್ಯಾಪಕ,
ವಿಜಯಪುರ